ಬೊಂಬೆಯ ದಂಡು, ಮನೆಯ ಕೊತ್ತಿ

ಪಿತೃಪಕ್ಷ ಮುಗಿಯುತ್ತಾ ಬಂದಿತೆಂದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಪಟ್ಟದ ಬೊಂಬೆ ಕೂರಬೇಕಲ್ಲ! ಆದರೆ ಹಳೇ ಸೀರೆಯ ಸುತ್ತು ಬಿಚ್ಚಿದಾಗ ಕಾಣುವುದೇನು? ಆನೆಗೆ ಸೊಂಡಿಲಿಲ್ಲ, ಕುದುರೆಯ ಸವಾರನಿಗೆ ತಲೆಯಿಲ್ಲ, ಬ್ಯಾಂಡಿನವನ ಕೈ ಒಂದು ಕಡೆ, ತುತ್ತೂರಿ ಇನ್ನೊಂದು ಕಡೆ. "ಹೋಗ್ಲಿ ಬುಡಿ, ಎಸ್ದ್ಬುಟ್ಟು ಹೊಸವು ತಂದ್ರಾಯ್ತು" ಎನ್ನುವವರೇ ಹೆಚ್ಚು. ದಯವಿಟ್ಟು ಎಸೆಯಬೇಡಿ, ಸೋದರಿಯರೇ. ಮುರಿದ ಮೂರು ಬೊಂಬೆಗಳಿಂದ ಒಬ್ಬ ಹೊಸ ಸಿಪಾಯಿಯನ್ನು ಎಬ್ಬಿಸಿ ನಿಲ್ಲಿಸಬಹುದು.

ಮನೆಯಲ್ಲಿ ಕೊತ್ತಿಯಿದ್ದರೆ ಏನು ಮಾಡುವುದು ಎಂದು ಕೇಳುತ್ತೀರಿ. "ಎಲ್ಲಾನೂ ಉರುಳುಸ್ಬುಡ್ತದ ಕನವ್ವ" ಎಂದು ಆ ಹತ್ತು ದಿನ ಅದನ್ನು ಹಿತ್ತಲಿಗೆ ಅಟ್ಟುವವರುಂಟು. ಆದರೆ ಕೊತ್ತಿಯಿಂದ ಬೊಂಬೆಗೆ ಒದಗುವ ಅಪಾಯಕ್ಕಿಂತ ಬೊಂಬೆಯ ಕೆಲಸದಿಂದ ಕೊತ್ತಿಗೆ ಒದಗುವ ಅಪಾಯವೇ ದೊಡ್ಡದು. ಅದನ್ನು ಹೇಳುವುದಕ್ಕೆಂದೇ ಈ ಲೇಖನ.

ಮೊದಲು ದಂಡಿನ ಮಾತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಮೈಸೂರಿನ ದಸರೆಗೂ ಆ ಊರಿಗೂ ನಂಟು ಹಳೆಯದು. ಕೊಳ್ಳೇಗಾಲವೂ ಅದಕ್ಕೆ ಸೇರಿದ್ದ ಹನೂರೂ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಮನೆಮಾತು ತಮಿಳಾದವರು ಕೊಲು ಎನ್ನುತ್ತಾರೆ, ನಾವು ಬೊಂಬೆ ಕೂರಿಸುವುದು ಎನ್ನುತ್ತೇವೆ. ಯಾವ ಹೆಸರಿನಿಂದ ಕರೆದರೂ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ ಹೊರಡಬೇಕು, ಅಂಬಾರಿಯ ಹಿಂದೆ ಮುಂದೆ ಕಾಲಾಳು, ಕುದುರೆ, ಫಿರಂಗಿ ಇರಬೇಕೆಂಬ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಹನೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಂತೂ ಆ ದಂಡಿಗೆ ಹುಲಿಯ ಮೇಲೆ ಕುಳಿತ ಮಾದಪ್ಪನೇ ಮುಂದಾಳು. ಮೈಸೂರಿನ ಮೆರವಣಿಗೆಯಲ್ಲಿ ಮಾದಪ್ಪ ಎಲ್ಲಿ ಬಂದ ಎಂದು ಯಾರೂ ಕೇಳಿಲ್ಲ, ಕೇಳಲೂಬಾರದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅತ್ತಿಗೆಯ ಮಗನಿಗೆ ಇಂಥದೇ ಒಂದು ಹುಚ್ಚು. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಒಂದಂಗುಲ ಎತ್ತರದ ಸಿಪಾಯಿಗಳನ್ನು ಜೋಡಿಸಿ ಬಣ್ಣ ಹಚ್ಚುತ್ತಾನೆ. ಇದು ಈಚಿನ ಮಕ್ಕಳ ಆಟವೆಂದು ನಗಬೇಡಿ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ ಆಟದ ಸಿಪಾಯಿಗಳ ಯುದ್ಧಕ್ಕೆ ನಿಯಮ ಬರೆದು 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ತಂದಿದ್ದರು. ಬ್ರಿಟನ್ನಿನಲ್ಲಿ 1983ರಲ್ಲಿ ಬಂದ 'ವಾರ್‌ಹ್ಯಾಮರ್' ಎಂಬ ಆಟ ಈಗ ದೇಶ ದೇಶಗಳಲ್ಲಿದೆ. ಒಂದು ಪೆಟ್ಟಿಗೆಯ ಸಿಪಾಯಿಯ ಕೈ, ಇನ್ನೊಂದರ ತಲೆ, ಮತ್ತೊಂದರ ಕುದುರೆ ಕೂಡಿಸಿ ಹೊಸದೊಂದನ್ನು ಮಾಡುವುದಕ್ಕೆ ಅವರು 'ಕಿಟ್‌ಬ್ಯಾಶಿಂಗ್' ಎನ್ನುತ್ತಾರಂತೆ. ನಮ್ಮ ಅಜ್ಜಿಯರು ಹೆಸರಿಲ್ಲದೆ ಮಾಡುತ್ತಿದ್ದುದೂ ಅದನ್ನೇ! ಆದರೂ ಹುಡುಗನಿಂದ ಕಲಿಯುವಂಥದು ಸಾಕಷ್ಟಿದೆ.

ಮುರಿದ ಕೈಯನ್ನು ಬರೀ ಅಂಟಿನಿಂದ ಕೂರಿಸಿದರೆ ಮುಂದಿನ ವರ್ಷ ಅದು ಮತ್ತೆ ಟ್ರಂಕಿನ ತಳದಲ್ಲಿ ಸಿಗುತ್ತದೆ. ಎರಡೂ ತುಂಡಿಗೆ ದಬ್ಬಳದಿಂದ ಸಣ್ಣ ತೂತು ಕೊರೆದು, ನಡುವೆ ಕಾಲಂಗುಲ ತಂತಿ ಕೂರಿಸಿ, ಆಮೇಲೆ ಅಂಟು ಹಾಕಬೇಕು. ಸಂದು ತುಂಬುವುದಕ್ಕೆ ನಲ್ಲಿ ರಿಪೇರಿಗೆ ತರುವ ಎಂ-ಸೀಲ್ ಬಹಳ ಒಳ್ಳೆಯದು. ಎರಡು ತುಂಡನ್ನೂ ಸಮನಾಗಿ, ಬಣ್ಣ ಒಂದಾಗುವವರೆಗೆ ನಾದಿದರೆ ಚಪಾತಿ ಹಿಟ್ಟಿನಂತೆ ಹೇಳಿದ ಮಾತು ಕೇಳುತ್ತದೆ. ಒದ್ದೆ ಮಾಡಿದ ಕಡ್ಡಿಯಿಂದ ಮೂಗು, ಮೀಸೆ, ಪೇಟ ತಿದ್ದಬಹುದು. ಬೆರಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಊದುಬತ್ತಿಯ ಕಡ್ಡಿ ಭರ್ಜಿಯಾಗುತ್ತದೆ, ಮುಗಿದ ಪೆನ್ನಿನ ಕೊಳವೆ ಫಿರಂಗಿಯಾಗುತ್ತದೆ, ಎರಡು ಕೋಟಿನ ಗುಂಡಿ ಅದರ ಚಕ್ರ. ಔಷಧಿ ಬಾಟಲಿಯ ಮುಚ್ಚಳ ನಗಾರಿ. ಆನೆಯ ಬೆನ್ನಿನ ಜೂಲಿಗೆ ರೇಷ್ಮೆಯ ಚೂರನ್ನು ಕೊಳ್ಳೇಗಾಲದವರು ಹುಡುಕಿಕೊಂಡು ಹೋಗಬೇಕೇ?

ಬಣ್ಣದಲ್ಲಿ ಅವಸರ ಸಲ್ಲದು. ಮೊದಲು ತೆಳುವಾಗಿ ಒಂದು ಬಿಳಿ ಪೂಸು. ಮೇಲೆ ಒಂದೇ ಸಲ ದಪ್ಪಗೆ ಬಳಿಯುವ ಬದಲು ಎರಡು ತೆಳು ಪೂಸು ಕೊಟ್ಟರೆ ಮುಖದ ಗೆರೆ ಮುಚ್ಚಿಹೋಗುವುದಿಲ್ಲ. ಆನೆಗೆ ಹುಡುಗ ಹೇಳಿದ ಉಪಾಯ ಇದು: ಕಪ್ಪು ಬೂದಿಬಣ್ಣ ಬಳಿದು ಒಣಗಿಸಿ, ಆಮೇಲೆ ತಿಳಿ ಬೂದಿಬಣ್ಣದಲ್ಲಿ ಬ್ರಷ್ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ ಇನ್ನೇನೂ ಇಲ್ಲ ಅನ್ನುವಷ್ಟು ಒಣಗಿದ ಮೇಲೆ ಮೈಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಕಡೆ ಮಾತ್ರ ಬಣ್ಣ ಹಿಡಿದು ಚರ್ಮದ ಸುಕ್ಕು ಎದ್ದು ಕಾಣುತ್ತದೆ. ನೋಡಿದವರು ಎಲ್ಲಿಂದ ತಂದಿರಿ ಎಂದು ಕೇಳದಿದ್ದರೆ ಹೇಳಿ!

ಹಳೇ ಬೊಂಬೆಯ ಬಣ್ಣವನ್ನು ಒಣಗಿದಂತೆಯೇ ಕೆರೆಯಬೇಡಿ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಹೇರಳವಾಗಿರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಕೆಳಗೆ ಹಾಸಿದ ಪತ್ರಿಕೆಯನ್ನು ಸುತ್ತಿ ಬಿಸಾಡಿ. ಈ ಕೆಲಸ ಅಡಿಗೆಮನೆಯಲ್ಲಿ ಬೇಡ, ಮಗು ಅಂಬೆಗಾಲಿಡುವ ಜಾಗದಲ್ಲೂ ಬೇಡ.

ಈಗ ಕೊತ್ತಿಗೆ ಬರೋಣ. ಅದು ನಮ್ಮ ವೈರಿಯಲ್ಲ. ರಾಗಿ ಕೂಡಿಡುವ, ರೇಷ್ಮೆಹುಳು ಸಾಕುವ ಮನೆಗೆ ಕೊತ್ತಿ ಬೇಕೇ ಬೇಕು. ಅದಿಲ್ಲದ ಮನೆಯಲ್ಲಿ ಅಟ್ಟದ ಬೊಂಬೆಯ ಹುಲ್ಲು, ಬಟ್ಟೆ ಎಲ್ಲ ಇಲಿಯ ಪಾಲು. ಆದರೆ ಕೊತ್ತಿಗೆ ಒಂದು ಗುಣ: ಮೈಗೆ ಏನು ಮೆತ್ತಿದರೂ ನೆಕ್ಕಿಯೇ ಶುಚಿ ಮಾಡಿಕೊಳ್ಳುತ್ತದೆ. ಬಾಲಕ್ಕೆ ತಾಗಿದ ಬಣ್ಣ ಹೊಟ್ಟೆಗೆ ಹೋಗುವುದು ಹೀಗೆ. ನಮಗೆ ಅರಗುವ ಎಷ್ಟೋ ವಸ್ತುಗಳನ್ನು ಅದರ ಪಿತ್ತಜನಕಾಂಗ ಅರಗಿಸಲಾರದು. (ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಕೊತ್ತಿಯ ಪ್ರಾಣ ತೆಗೆಯಬಲ್ಲದು. ಕಾಯಿಲೆಯೆಂದು ಕರುಣೆಯಿಂದ ಕೊಟ್ಟುಬಿಡಬೇಡಿ.) ಆದ್ದರಿಂದ ಬೊಂಬೆಗೆ ನೀರಿನಲ್ಲಿ ಕಲಸುವ ಬಣ್ಣವನ್ನೇ ತನ್ನಿ. ಬ್ರಷ್ ತೊಳೆಯುವ ನೀರನ್ನು ಲೋಟದಲ್ಲಿ ಬಿಡಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ತಟ್ಟೆಯ ನೀರಿಗಿಂತ ಆ ನೀರೇ ಅದಕ್ಕೆ ರುಚಿ! ನಾದಿದ ಎಂ-ಸೀಲ್ ಕಲ್ಲಾಗುವವರೆಗೂ ಎಟುಕಬಾರದು. ಹಸಿ ಬೊಂಬೆಗಳನ್ನು ಒಣಗಿಸುವುದಕ್ಕೆ ಹಾಲು ಮೊಸರು ಇಡುವ ಹಳೇ ಜಾಲರಿ ಬೀರು ಇದ್ದರೆ ಅದನ್ನೇ ಖಾಲಿ ಮಾಡಿಕೊಳ್ಳಿ. ಇಲ್ಲವೇ ಮಂಕರಿ ಬೋರಲು ಹಾಕಿ ಮೇಲೊಂದು ಗುಂಡುಕಲ್ಲು ಹೇರಿ. ಕೊತ್ತಿಯ ಕೂದಲು ಅಂಟಿದ ಸಿಪಾಯಿಗೆ ಗಡ್ಡ ಬಂದಂತಾಗುವುದೂ ತಪ್ಪುತ್ತದೆ.

ಮೈಗೆ ಬಣ್ಣ ಹತ್ತಿಯೇಬಿಟ್ಟರೆ? ನೀರಿನ ಬಣ್ಣವಾದರೆ ಒದ್ದೆ ಬಟ್ಟೆ, ಸ್ವಲ್ಪ ಸಾಬೂನು ಸಾಕು. ಎಣ್ಣೆಬಣ್ಣವಾದರೆ ಅಡಿಗೆ ಎಣ್ಣೆ ಹಚ್ಚಿ ಸಡಿಲಿಸಿ ಸಾಬೂನಿನಿಂದ ತೊಳೆಯಿರಿ, ಗಟ್ಟಿಯಾಗಿದ್ದರೆ ಆ ಕೂದಲನ್ನೇ ಕತ್ತರಿಸಿ. ಸೀಮೆಎಣ್ಣೆ, ಟರ್ಪೆಂಟೈನ್, ಥಿನ್ನರ್ ಮಾತ್ರ ಮುಟ್ಟಿಸಲೇಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ಇನ್ನೂ ಕೇಡು. ಜೊಲ್ಲು ಸುರಿಸಿದರೆ, ಅನ್ನ ಬಿಟ್ಟು ಮೂಲೆ ಸೇರಿದರೆ ಮನೆಮದ್ದು ಮಾಡುತ್ತಾ ಕೂರದೆ ಪಶು ವೈದ್ಯರಲ್ಲಿಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ.

ಎಲ್ಲಕ್ಕಿಂತ ನನಗೆ ಭಯ ದಾರದ್ದು. ನಮ್ಮ ಊರುಗಳಲ್ಲಿ ರೇಷ್ಮೆ ಎಳೆ, ಜರಿ ಎಳೆ ಮನೆಮನೆಯಲ್ಲೂ ಸಿಗುತ್ತದೆ. ಬೊಂಬೆಗೆ ಸೀರೆ ಉಡಿಸುವಾಗ, ಅಂಬಾರಿಗೆ ಕುಚ್ಚು ಕಟ್ಟುವಾಗ ಗೇಣುದ್ದದ ಚೂರುಗಳು ನೆಲಕ್ಕೆ ಬೀಳುತ್ತವೆ. ಮಿಣುಗುವ, ಅಲುಗಾಡುವ ಎಳೆ ಕಂಡರೆ ಕೊತ್ತಿ ಬಿಡುವುದುಂಟೇ? ಅದರ ನಾಲಿಗೆಯ ಮುಳ್ಳೆಲ್ಲ ಗಂಟಲಿನ ಕಡೆಗೇ ಬಾಗಿವೆ, ಹಿಡಿದದ್ದನ್ನು ಉಗುಳಲು ಬರುವುದಿಲ್ಲ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಒಳಗೆ ಹೋದರೆ ಕರುಳು ಲಂಗದ ಲಾಡಿ ಎಳೆದಂತೆ ನೆರಿಗೆ ನೆರಿಗೆಯಾಗಿ, ಎಳೆಯೇ ಅದನ್ನು ಕೊಯ್ಯುತ್ತದೆ. ಆಪರೇಷನ್ ಇಲ್ಲದೆ ಉಳಿಯುವುದು ಕಷ್ಟ. ಬಾಯಲ್ಲೋ ಹಿಂದುಗಡೆಯೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಎಳೆದರೆ ಒಳಗಿನ ಕರುಳೇ ಹರಿದೀತು. ಹಾಗೆಯೇ ಎತ್ತಿಕೊಂಡು ವೈದ್ಯರಲ್ಲಿಗೆ ಓಡಿ. ಹೊಲಿಯಲು ಕೂರುವಾಗ ಪಕ್ಕದಲ್ಲಿ ಮುಚ್ಚಳದ ಡಬ್ಬಿಯೊಂದನ್ನು ಇಟ್ಟುಕೊಂಡು ಕತ್ತರಿಸಿದ ಎಳೆಯನ್ನು ಆಗಿಂದಾಗಲೇ ಅದರೊಳಗೆ ಹಾಕುವುದು ಒಂದು ಅಭ್ಯಾಸವಾದರೆ ಸಾಕು.

ಇನ್ನು ಮೆಟ್ಟಿಲು. ದಂಡಿನ ಮೈದಾನಕ್ಕೆ ಮರಳು ಹಾಸಿದರೆ ಕೊತ್ತಿ ಅದನ್ನು ಯಾವುದಕ್ಕೆ ಬಳಸುತ್ತದೆಂದು ನಾನು ಬರೆಯಬೇಕಾಗಿಲ್ಲ. ಒದ್ದೆ ಬಟ್ಟೆಯ ಮೇಲೆ ರಾಗಿ ಚೆಲ್ಲಿ ಮೊಳಕೆ ಬರಿಸಿ. ನಾಲ್ಕು ಚಿಗುರು ತಿಂದರೂ ಅದಕ್ಕೆ ಕೆಡುಕಿಲ್ಲ. ಭಾರದ ಬೊಂಬೆ ಕೆಳಗಿರಲಿ, ಅಂಚಿನಲ್ಲಿ ಯಾವುದೂ ಬೇಡ. ಹಾಸಿದ ಬಟ್ಟೆ ನೆಲದವರೆಗೆ ಜೋತುಬಿದ್ದರೆ ಅದನ್ನೇ ಹಿಡಿದು ಹತ್ತುತ್ತದೆ, ಆದ್ದರಿಂದ ಹಲಗೆಯ ಕೆಳಗೆ ಮಡಿಚಿ ಮೊಳೆ ಹೊಡೆಯಿರಿ. ದೀಪವನ್ನು ಗಾಜಿನ ಚಿಮಣಿಯೊಳಗೆ ಇಡಿ. ಸಂಜೆ "ಬೊಂಬೆ ಕೂರ್ಸಿದ್ದೀರಾ?" ಎಂದು ಮಕ್ಕಳ ಗುಂಪು ಬರುವ ಹೊತ್ತಿಗೆ ಕೊತ್ತಿಗೆ ಹೊಟ್ಟೆ ತುಂಬಾ ಹಾಲನ್ನವೋ ಮೀನೋ ಹಾಕಿ, ಒಳಗಿನ ಕೋಣೆಯಲ್ಲಿ ಮಲಗಿಸಿಬಿಡಿ.

ವಿಜಯದಶಮಿ ಕಳೆದು ಬೊಂಬೆ ಎತ್ತುವಾಗ ನುಸಿಗುಳಿಗೆ ಹಾಕುವ ರೂಢಿಯನ್ನು ಕೊತ್ತಿಯಿರುವ ಮನೆಯವರು ಬಿಟ್ಟರೆ ಒಳ್ಳೆಯದು. ಅದೂ ಕೊತ್ತಿಗೆ ವಿಷವೇ. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕಿ, ಒಂದೊಂದು ಬೊಂಬೆಯನ್ನೂ ಹಳೇ ಪಂಚೆಯಲ್ಲಿ ಸುತ್ತಿಡಿ. ಮುರಿದ ಚೂರುಗಳಿಗೆ ಬೇರೆ ಡಬ್ಬಿ ಇರಲಿ, ಬರುವ ವರ್ಷದ ಸಿಪಾಯಿಗಳು ಅದರಲ್ಲಿದ್ದಾರೆ. ಟ್ರಂಕಿನ ಮುಚ್ಚಳ ಹಾಕುವ ಮುನ್ನ ಒಮ್ಮೆ ಒಳಗೆ ಕೈಯಾಡಿಸಿ ನೋಡಿ. ಹಳೇ ಬಟ್ಟೆಯ ಮೆತ್ತೆ ಸಿಕ್ಕಿತೆಂದು ಕೊತ್ತಿ ಅಲ್ಲೇ ಮುದುರಿ ಮಲಗಿರುವುದುಂಟು.