ಕಂಪೆನಿಯ ಆಡಳಿತ ಮಂಡಲಿಯಲ್ಲಿ ಸ್ತ್ರೀಯರು

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಸಂಜೆಯ ವೇಳೆ ತರಕಾರಿ ಕೊಳ್ಳುವ ಗೃಹಿಣಿಯರನ್ನು ಕಂಡವರಾರೂ ಹೆಂಗಸರಿಗೆ ಲೆಕ್ಕಾಚಾರ ತಿಳಿಯದೆಂದು ಹೇಳಲಾರರು. ಮನೆಯ ಆಯವ್ಯಯವನ್ನು ತೂಗಿಸುವ ಈ ಜಾಣ್ಮೆಯು ದೊಡ್ಡ ಕಂಪೆನಿಗಳ ಆಡಳಿತ ಮಂಡಲಿಗೆ ಬೇಡವೆ? ಅದರಿಂದ ಲಾಭವು ಹೆಚ್ಚುವುದೆ? ಮನೆಯ ಉಳಿತಾಯವನ್ನು ಷೇರುಗಳಲ್ಲಿ ತೊಡಗಿಸಿರುವ ಕುಟುಂಬಗಳಿಗೆ ಇದು ಹೊರಗಿನವರ ಮಾತಲ್ಲ.

ನಮ್ಮ ಬೆಂಗಳೂರಿನಲ್ಲೇ ಒಂದು ನಿದರ್ಶನವುಂಟು. ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು ಆಸ್ಟ್ರೇಲಿಯದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದರೂ ಹೆಂಗಸೆಂಬ ಕಾರಣದಿಂದ ಅವರಿಗೆ ತಕ್ಕ ಉದ್ಯೋಗ ದೊರೆಯಲಿಲ್ಲ. 1978ರಲ್ಲಿ ಅವರು 10,000 ರೂಪಾಯಿ ಮೂಲಧನದಿಂದ, ಬಾಡಿಗೆ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ ಬಯೋಕಾನ್ ಕಂಪೆನಿಯನ್ನು ಆರಂಭಿಸಿದರು. ಪರಂಗಿಕಾಯಿಯಿಂದ ಪಪೇನ್ ಎಂಬ ಕಿಣ್ವವನ್ನು ತೆಗೆಯುವುದು ಮೊದಲ ಕೆಲಸಗಳಲ್ಲೊಂದು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಆ ಕಂಪೆನಿಯ ಬೆಲೆ ನೂರು ಕೋಟಿ ಡಾಲರನ್ನು ದಾಟಿತು.

ಆದರೆ ಒಬ್ಬರ ಸಾಹಸವು ಎಲ್ಲರಿಗೂ ದಾರಿಯಾಗದು. ಆದುದರಿಂದ 2013ರ ಕಂಪೆನಿ ಶಾಸನವು, ಷೇರುಪೇಟೆಯಲ್ಲಿ ನಮೂದಾದ ಪ್ರತಿ ಕಂಪೆನಿಯಲ್ಲಿಯೂ ಒಬ್ಬ ಸ್ತ್ರೀಯಾದರೂ ನಿರ್ದೇಶಕಳಾಗಿರಬೇಕೆಂದು ವಿಧಿಸಿತು. ಕೆಲವು ಮಾಲೀಕರು ಪತ್ನಿಯನ್ನೋ ಸೋದರಿಯನ್ನೋ ಹೆಸರಿಗೆ ಕುಳ್ಳಿರಿಸಿ ಕೈತೊಳೆದುಕೊಂಡರು. ಅನಂತರ ಮಾಲೀಕರ ಹಂಗಿಲ್ಲದ ಸ್ವತಂತ್ರ ನಿರ್ದೇಶಕಿಯೇ ಇರಬೇಕೆಂಬ ನಿಯಮವು 2019ರಲ್ಲಿ ಮೊದಲ 500 ಕಂಪೆನಿಗಳಿಗೂ 2020ರಲ್ಲಿ ಮೊದಲ 1000 ಕಂಪೆನಿಗಳಿಗೂ ಅನ್ವಯಿಸಿತು.

ಲಾಭದ ವಿಚಾರದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ನಾರ್ವೆ ದೇಶವು 2003ರಲ್ಲಿ ಶೇಕಡ 40 ಸ್ಥಾನಗಳ ಶಾಸನವನ್ನು ಮಾಡಿ 2008ರಿಂದ ಕಡ್ಡಾಯಗೊಳಿಸಿತು. ಅದರಿಂದ ಕಂಪೆನಿಗಳ ಬೆಲೆ ಕುಸಿಯಿತೆಂದು 2012ರ ಒಂದು ಸಂಶೋಧನೆ ಹೇಳಿತು. ಮತ್ತೆ ಪರೀಕ್ಷಿಸಿದವರು ಅಂತಹ ನಷ್ಟವೇನೂ ಕಾಣದೆಂದರು. ಸ್ತ್ರೀಯರಿರುವ ಕಂಪೆನಿಗಳು ಹೆಚ್ಚು ಗಳಿಸುವುವೆಂದು ತೋರಿದಾಗಲೂ, ಚೆನ್ನಾಗಿ ನಡೆಯುವ ಕಂಪೆನಿಗಳೇ ಸ್ತ್ರೀಯರನ್ನು ಕರೆಯುತ್ತಿರಬಹುದಷ್ಟೆ. ಬಿತ್ತಿದ್ದಾವುದು, ಬೆಳೆದದ್ದಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಆದರೂ ಒಂದು ಮಾತು. ಗಂಡಸಾದುದರಿಂದ ಲಾಭವೆಷ್ಟೆಂದು ಯಾವ ನಿರ್ದೇಶಕನನ್ನೂ ಯಾರೂ ಕೇಳಿದಂತಿಲ್ಲ. ಅರ್ಹಳಾದವಳಿಗೆ ಬಾಗಿಲು ತೆರೆದಿರಬೇಕೆಂಬ ನ್ಯಾಯವು ಲಾಭನಷ್ಟದ ಪಟ್ಟಿಗಾಗಿ ಕಾಯಬೇಕಾದುದಿಲ್ಲ.

ಮುಂದಿನ ಸಲ ಕಂಪೆನಿಯ ವಾರ್ಷಿಕ ವರದಿಯು ಕೈಸೇರಿದಾಗ, ಮಂಡಲಿಯಲ್ಲಿರುವ ಸ್ತ್ರೀ ಯಾರು, ಎಷ್ಟು ಸಭೆಗಳಿಗೆ ಬಂದಳು ಎಂಬುದನ್ನು ನಮ್ಮ ಸೋದರಿಯರು ನೋಡಲಿ. ಮಗಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಲಿ. ನಾಳಿನ ನಿರ್ದೇಶಕಿಗೆ ಅದೇ ಮೊದಲ ಪಾಠವಾದೀತು.