ಐದು ಸಾವಿರ ಬ್ಯಾರೆಲ್ಲಿನ ಲೆಕ್ಕ

ದಿನಕ್ಕೆ ಐದು ಸಾವಿರ ಬ್ಯಾರೆಲ್. ಮೆಕ್ಸಿಕೊ ಕೊಲ್ಲಿಯ ತಳದಿಂದ ಅಷ್ಟು ಕಚ್ಚಾ ತೈಲ ಸೋರುತ್ತಿದೆ ಎಂದು ಅಮೆರಿಕ ಸರ್ಕಾರ 2010ರ ಏಪ್ರಿಲ್ 28ರಂದು ಪ್ರಕಟಿಸಿತು. ಅದಕ್ಕೆ ಎಂಟು ದಿನ ಮೊದಲು ಲೂಸಿಯಾನಾ ತೀರದಿಂದ ಸುಮಾರು 66 ಕಿ.ಮೀ. ದೂರದಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಸ್ಫೋಟಗೊಂಡು 11 ಮಂದಿ ಕಾರ್ಮಿಕರು ಸತ್ತಿದ್ದರು. ಎರಡು ದಿನ ಉರಿದು ರಿಗ್ ಮುಳುಗಿತು. ಅದು ಕೊರೆಯುತ್ತಿದ್ದ ಮಕಾಂಡೊ ಎಂಬ ಬಾವಿಯ ಬಾಯಿ ಒಂದೂವರೆ ಕಿ.ಮೀ. ಆಳದ ನೀರಿನಡಿ ತೆರೆದುಕೊಂಡಿತು. ಬಾವಿಯ ಒಡೆತನದಲ್ಲಿ ದೊಡ್ಡ ಪಾಲು ಬಿಪಿ ಕಂಪನಿಯದು. ಮೊದಲು ಹೊರಬಿದ್ದ ಅಂಕಿ ದಿನಕ್ಕೆ ಒಂದು ಸಾವಿರ ಬ್ಯಾರೆಲ್. ಅದನ್ನು ಐದು ಸಾವಿರಕ್ಕೆ ಏರಿಸಿದ್ದೇ ಸರ್ಕಾರದ ಎಚ್ಚರಿಕೆಯ ನಡೆ ಎಂಬಂತೆ ಆಗ ಕಂಡಿತ್ತು.

ಆಗಸ್ಟ್ ಹೊತ್ತಿಗೆ ಅದೇ ಸರ್ಕಾರ ಒಪ್ಪಿಕೊಂಡ ಅಂಕಿ ಬೇರೆಯೇ ಇತ್ತು: ಆರಂಭದಲ್ಲಿ ದಿನಕ್ಕೆ 62,000 ಬ್ಯಾರೆಲ್, ಬಾವಿ ಮುಚ್ಚುವ ವೇಳೆಗೆ 53,000. ಒಂದು ಬ್ಯಾರೆಲ್ ಎಂದರೆ 159 ಲೀಟರ್. 87 ದಿನಗಳಲ್ಲಿ ಹೊಮ್ಮಿದ್ದು ಒಟ್ಟು 49 ಲಕ್ಷ ಬ್ಯಾರೆಲ್ ಎಂಬುದು ಸರ್ಕಾರದ ಅಂದಾಜು. ಅಂದರೆ ಜಗತ್ತೆಲ್ಲ ಮಾತಾಡಿಕೊಂಡಿದ್ದ ಐದು ಸಾವಿರ, ನಿಜವಾದ ಸೋರಿಕೆಯ ಹತ್ತರಲ್ಲೊಂದು ಪಾಲೂ ಆಗಿರಲಿಲ್ಲ.

ಈ ದುರಂತದ ಬಗ್ಗೆ ಸರ್ಕಾರದ ಮೇಲೆ ಬಂದ ಟೀಕೆಗಳು ಒಂದೆರಡಲ್ಲ. ಒಬಾಮಾ ಆಡಳಿತ ತಡವಾಗಿ ಎಚ್ಚೆತ್ತಿತು, ತೀರಕ್ಕೆ ಎಣ್ಣೆ ತಡೆಯುವ ತೇಲುಬೇಲಿಗಳು, ಅಂದರೆ ಬೂಮ್‌ಗಳು, ಸಾಲಲಿಲ್ಲ, ವಿದೇಶಿ ಹಡಗುಗಳ ನೆರವನ್ನು ನಿರಾಕರಿಸಲಾಯಿತು ಎಂದೆಲ್ಲ ದೂರಿದರು. ಕೊನೆಯದು ಬಹುಮಟ್ಟಿಗೆ ಗಾಳಿಮಾತು. ಬೂಮ್‌ಗಳ ಜಗಳ ಹೆಚ್ಚಾಗಿ ಸ್ಥಳೀಯ ರಾಜಕಾರಣದ್ದು. ನನಗೆ ಮುಖ್ಯವಾಗಿ ಕಾಣುವ ಲೋಪ ಇದಕ್ಕಿಂತ ನೀರಸವಾದದ್ದು: ಸರ್ಕಾರ ಸಕಾಲದಲ್ಲಿ ಅಳೆಯಲಿಲ್ಲ, ಅಳೆಯಬಲ್ಲವರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲೂ ಇಲ್ಲ.

ಐದು ಸಾವಿರ ಎಲ್ಲಿಂದ ಬಂತು ಎಂಬುದನ್ನು ಮುಂದೆ ಅಧ್ಯಕ್ಷರು ನೇಮಿಸಿದ ತನಿಖಾ ಆಯೋಗ ಕೆದಕಿ ನೋಡಿತು. ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯ, ಅಂದರೆ ನೋವಾದ, ವಿಜ್ಞಾನಿಯೊಬ್ಬರು ಯಾರೂ ಕೇಳದೆಯೇ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದರು. ಮುರಿದ ಕೊಳವೆಯ ತುದಿಯಿಂದ ಎಣ್ಣೆ ಎಷ್ಟು ವೇಗವಾಗಿ ಬರುತ್ತಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹಿಡಿದದ್ದೇ ಅದರ ಆಧಾರ. ಕೊಳವೆ ಬಾಗಿದ ಕಡೆಯಲ್ಲಿ ಇನ್ನೊಂದು ಸೋರಿಕೆ ಇತ್ತು. ಅದು ಲೆಕ್ಕಕ್ಕೆ ಬರಲಿಲ್ಲ. ಈ ಅಂಕಿಯನ್ನು ನೆಚ್ಚಿಕೊಳ್ಳಬೇಡಿ ಎಂದು ಟಿಪ್ಪಣಿಯೇ ಎಚ್ಚರಿಸಿತ್ತು. ಆ ಎಚ್ಚರಿಕೆ ಕಡತದಲ್ಲೇ ಉಳಿಯಿತು, ಅಂಕಿ ಮಾತ್ರ ಮೈಕಿನ ಮುಂದೆ ಬಂತು. ಸುಮಾರು ಒಂದು ತಿಂಗಳು ಅದೇ ಅಧಿಕೃತವಾಗಿ ಚಾಲ್ತಿಯಲ್ಲಿತ್ತು.

ಅಳೆಯುವುದು ಅಷ್ಟು ಕಷ್ಟವಿತ್ತೆ? ಸಮುದ್ರದ ಮೇಲಿನ ಎಣ್ಣೆಯನ್ನು ಅಂದಾಜು ಮಾಡುವ ಹಳೆಯ ವಿಧಾನವೊಂದಿದೆ, ಬಣ್ಣ ನೋಡುವುದು. ಎಣ್ಣೆಪದರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾಗಿದ್ದರೆ ಬೆಳ್ಳಿಯಂತೆ ಹೊಳೆಯುತ್ತದೆ, ಸ್ವಲ್ಪ ದಪ್ಪವಾದರೆ ಕಾಮನಬಿಲ್ಲಿನ ಬಣ್ಣಗಳು, ಆಮೇಲೆ ಲೋಹದ ಮಿರುಗು. ಕಾಮನಬಿಲ್ಲಿನ ಬಣ್ಣಗಳು ಹುಟ್ಟುವುದು ಪದರದ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕು ಒಂದರೊಡನೊಂದು ಬೆರೆತಾಗ. ಆದರೆ ದಪ್ಪ 0.2 ಮಿ.ಮೀ. ದಾಟಿತೆಂದರೆ ಎಲ್ಲವೂ ಎಣ್ಣೆಯ ಸ್ವಂತ ಬಣ್ಣಕ್ಕೆ ತಿರುಗುತ್ತದೆ. ಆಗ ಅದು ಅರ್ಧ ಮಿಲಿಮೀಟರೋ ಅರ್ಧ ಅಡಿಯೋ ಎಂದು ಮೇಲಿನಿಂದ ನೋಡಿ ಹೇಳಲಾಗದು. ಹಾಗಾಗಿ ಈ ವಿಧಾನದಲ್ಲಿ ಸಿಗುವುದು ಕನಿಷ್ಠ ಅಂದಾಜು ಮಾತ್ರ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಇಯಾನ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಕೈಟ್ರೂತ್ ಎಂಬ ಪುಟ್ಟ ಸಂಸ್ಥೆಯ ಜಾನ್ ಏಮಸ್, ಉಪಗ್ರಹ ಚಿತ್ರಗಳನ್ನೂ ನಕ್ಷೆಗಳನ್ನೂ ಇಟ್ಟುಕೊಂಡು ಮೇ 1ರ ಹೊತ್ತಿಗೇ ಕಂಡುಕೊಂಡ ಕನಿಷ್ಠ ಅಂಕಿ ದಿನಕ್ಕೆ 26,500 ಬ್ಯಾರೆಲ್.

ಮೇ 12ರಂದು ಬಿಪಿ ಸೋರಿಕೆಯ ಅರ್ಧ ನಿಮಿಷದ ವಿಡಿಯೊ ತುಣುಕನ್ನು ಹೊರಬಿಟ್ಟಿತು. ಪರ್ಡ್ಯೂ ವಿಶ್ವವಿದ್ಯಾಲಯದ ಸ್ಟೀವ್ ವೆರ್ಲಿ ಅದನ್ನು ಕಂಪ್ಯೂಟರಿಗೆ ಹಾಕಿದರು. ಹೊಳೆಯ ವೇಗ ತಿಳಿಯಲು ಅದರ ಮೇಲೆ ತೇಲುವ ಎಲೆಯನ್ನು ಗಮನಿಸುತ್ತೇವಲ್ಲ, ಅವರ ವಿಧಾನವೂ ಅಂಥದ್ದೇ. ಹೊಮ್ಮುವ ಮೋಡದ ಒಂದೊಂದು ಸುರುಳಿ ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಎಷ್ಟು ಸರಿಯಿತು ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ವೇಗವನ್ನು ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಕ್ಕಿತು. ಬರುವುದರಲ್ಲಿ ದೊಡ್ಡ ಪಾಲು ಅನಿಲ, ಅದನ್ನು ಕಳೆಯಬೇಕು, ಅಲ್ಲಿಯೇ ಅನಿಶ್ಚಿತತೆ. ಮರುದಿನವೇ ರೇಡಿಯೊದಲ್ಲಿ ಅವರು ಹೇಳಿದ ಅಂಕಿ ಸುಮಾರು 70,000 ಬ್ಯಾರೆಲ್, ಶೇ. 20ರಷ್ಟು ಆಚೀಚೆ ಆಗಬಹುದು. ಅದು ಕೊಂಚ ಹೆಚ್ಚಾಗಿತ್ತು ಎಂದು ಆಮೇಲೆ ತಿಳಿಯಿತು. ಆದರೂ ಮೇಜಿನ ಮುಂದೆ ಕೂತು, ಮಸುಕು ವಿಡಿಯೊ ಒಂದರಿಂದ ಅವರು ಮುಟ್ಟಿದ ಜಾಗ, ಸರ್ಕಾರ ಮೂರು ತಿಂಗಳ ಬಳಿಕ ಮುಟ್ಟಿದ ಜಾಗದ ನೆರೆಯಲ್ಲೇ ಇತ್ತು.

ಕಡಲಾಳದಲ್ಲಿ ಹರಿವನ್ನು ಶಬ್ದತರಂಗಗಳಿಂದ ಅಳೆಯಬಲ್ಲ ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆಯ ತಂಡ ಮೇ ಮೊದಲ ವಾರದಲ್ಲೇ ಹೊರಡಲು ಸಿದ್ಧವಾಗಿತ್ತು. ಬಿಪಿ ಬೇಡವೆಂದಿತು. ಬಾವಿ ಮುಚ್ಚುವುದೇ ಆದ್ಯತೆ, ಅಳತೆ ಅದಕ್ಕೆ ಅಡ್ಡಿ ಎಂಬುದು ನೆಪ. ಆ ತಂಡ ಉಪಕರಣ ಇಳಿಸಿದ್ದು ಮೇ ಕೊನೆಗೆ, ಸರ್ಕಾರ ಕಡೆಗೂ ತನ್ನದೇ ಹರಿವು ತಜ್ಞರ ಗುಂಪನ್ನು ಕಟ್ಟಿದ ಮೇಲೆ.

ಅಂಕಿಯ ಸುತ್ತ ಹಣವೂ ಇತ್ತು. ಶುದ್ಧ ಜಲ ಕಾಯಿದೆಯ ಪ್ರಕಾರ ದಂಡ ಬ್ಯಾರೆಲ್ಲಿನ ಲೆಕ್ಕದಲ್ಲಿ: ಆಗ ಸಾಮಾನ್ಯವಾಗಿ 1,100 ಡಾಲರ್, ಘೋರ ನಿರ್ಲಕ್ಷ್ಯವಿದ್ದರೆ 4,300 ಡಾಲರ್‌ವರೆಗೆ. ಬ್ಯಾರೆಲ್ಲಿಗಿಷ್ಟು ಎಂದು ದಂಡ ತೆರಬೇಕಾದವನ ಕೈಗೇ ಅಳತೆಗೋಲನ್ನು ಬಿಟ್ಟಂತಾಗಿತ್ತು. ಕಡಲಿನಡಿಯ ಕ್ಯಾಮೆರಾ, ರೋಬಾಟ್, ಹಡಗು ಎಲ್ಲವೂ ಬಿಪಿಯ ಹಿಡಿತದಲ್ಲಿದ್ದವು. 1989ರ ಎಕ್ಸಾನ್ ವಾಲ್ಡೆಜ್ ತೈಲ ಹಡಗಿನ ದುರಂತದ ಬಳಿಕ ಬಂದ 1990ರ ತೈಲ ಮಾಲಿನ್ಯ ಕಾಯಿದೆ, ಸೋರಿಸಿದವರೇ ಹೊಣೆ ಹೊತ್ತು ಸ್ವಚ್ಛಗೊಳಿಸಬೇಕು, ಸರ್ಕಾರ ಮೇಲುಸ್ತುವಾರಿ ನಡೆಸಬೇಕು ಎನ್ನುತ್ತದೆ. ಖರ್ಚಿನ ಮಟ್ಟಿಗೆ ಇದು ನ್ಯಾಯವೇ. ಆದರೆ ಮಾಹಿತಿಯೂ ಅವರ ಕೈಯಲ್ಲೇ ಇದ್ದರೆ ಮೇಲುಸ್ತುವಾರಿ ಹೆಸರಿಗಷ್ಟೆ. 2012ರಲ್ಲಿ ಬಿಪಿ ಕ್ರಿಮಿನಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡಾಗ, ಹರಿವಿನ ಬಗ್ಗೆ ಸಂಸತ್ತಿನ ದಾರಿ ತಪ್ಪಿಸಿದ ಆರೋಪವೂ ಅದರಲ್ಲಿ ಸೇರಿತ್ತು.

ಹಾಗೆಂದು ತಪ್ಪೆಲ್ಲ ಬಿಪಿಯದೇ ಎನ್ನಲಾಗದು. ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ ನೋವಾ ಅತಿ ಕೆಟ್ಟ ಸಂದರ್ಭದ ಲೆಕ್ಕಾಚಾರವನ್ನು ಜನರ ಮುಂದಿಡಲು ಬಯಸಿತ್ತೆಂದೂ ಶ್ವೇತಭವನದ ಬಜೆಟ್ ಕಚೇರಿ ಅದಕ್ಕೆ ಒಪ್ಪಲಿಲ್ಲವೆಂದೂ ಆಯೋಗದ ಸಿಬ್ಬಂದಿ ವರದಿ ಹೇಳಿತು. ಶ್ವೇತಭವನ ಇದನ್ನು ಅಲ್ಲಗಳೆಯಿತು. ಮೇ ಮಧ್ಯದಲ್ಲಿ ಪೆಲಿಕನ್ ಎಂಬ ಸಂಶೋಧನಾ ಹಡಗಿನ ವಿಜ್ಞಾನಿಗಳು, ಎಣ್ಣೆಯೆಲ್ಲ ಮೇಲಕ್ಕೆ ಬರುತ್ತಿಲ್ಲ, ಒಂದು ಕಿ.ಮೀ.ಗೂ ಆಳದಲ್ಲಿ ಮೋಡದಂತೆ ಹರಡುತ್ತಿದೆ ಎಂದಾಗ ನೋವಾದ ಮುಖ್ಯಸ್ಥೆ ಜೇನ್ ಲುಬ್ಚೆಂಕೊ ಇದು ಆತುರದ ಮಾತು ಎಂದು ತಳ್ಳಿಹಾಕಿದರು. ಜೂನ್‌ನಲ್ಲಿ ಅವರ ಸಂಸ್ಥೆಯೇ ಒಪ್ಪಬೇಕಾಯಿತು. ಜೂನ್ ತಿಂಗಳಲ್ಲೇ ವುಡ್ಸ್ ಹೋಲ್ ತಂಡ ಸುಮಾರು 1,100 ಮೀಟರ್ ಆಳದಲ್ಲಿ 35 ಕಿ.ಮೀ. ಉದ್ದದ ತೈಲಮೋಡವೊಂದನ್ನು ಗುರುತಿಸಿತು. ಒತ್ತಡದಿಂದ ಚಿಮ್ಮಿದ ಎಣ್ಣೆ ಸೂಕ್ಷ್ಮ ಹನಿಗಳಾಗಿ ಒಡೆದರೆ ಅವುಗಳಿಗೆ ತೇಲಿ ಮೇಲೇರುವ ಬಲ ಇರುವುದಿಲ್ಲ. ಕಡಲ ಮೇಲ್ಮೈಯನ್ನಷ್ಟೇ ನೋಡಿ ಸೋರಿಕೆಯನ್ನು ಅಂದಾಜು ಮಾಡುತ್ತಿದ್ದವರಿಗೆ ಇದು ಸಣ್ಣ ಸುದ್ದಿಯಲ್ಲ.

ಹನಿಗಳನ್ನು ಬೇಕೆಂದೇ ಒಡೆಯುವ ಕೆಲಸವೂ ನಡೆದಿತ್ತು. ಕೊರೆಕ್ಸಿಟ್ ಎಂಬ ಚದುರಿಸುವ ರಾಸಾಯನಿಕವನ್ನು ಒಟ್ಟು 18.4 ಲಕ್ಷ ಗ್ಯಾಲನ್ ಬಳಸಲಾಯಿತು, ಅದರಲ್ಲಿ 7.71 ಲಕ್ಷ ಗ್ಯಾಲನ್ ನೇರ ಬಾವಿಯ ಬಾಯಿಗೆ. ಅಷ್ಟು ಆಳದಲ್ಲಿ ಅಷ್ಟು ಪ್ರಮಾಣದಲ್ಲಿ ಹಿಂದೆಂದೂ ಯಾರೂ ಬಳಸಿರಲಿಲ್ಲ. ಇದಕ್ಕಿಂತ ಕಡಿಮೆ ವಿಷದ್ದನ್ನು ಹುಡುಕಿ ಎಂದು ಪರಿಸರ ಸಂರಕ್ಷಣಾ ಸಂಸ್ಥೆ ಮೇ 20ರಂದು ಬಿಪಿಗೆ 24 ಗಂಟೆಯ ಗಡುವು ಕೊಟ್ಟಿತು. ಬೇರೆ ಸಿಗುವುದಿಲ್ಲ ಎಂದು ಬಿಪಿ ಉತ್ತರಿಸಿತು, ಕೊರೆಕ್ಸಿಟ್ ಮುಂದುವರಿಯಿತು. ಬಳಕೆಯನ್ನು ಮುಕ್ಕಾಲು ಪಾಲು ತಗ್ಗಿಸಿ ಎಂದು ಮೇ 26ರಂದು ಆದೇಶ ಬಂತು, ಅದರ ಬೆನ್ನಿಗೇ ಕರಾವಳಿ ಪಡೆ ವಿನಾಯಿತಿಗಳನ್ನು ಕೊಡುತ್ತ ಹೋಯಿತು. ತೀರದ ಜೌಗು ನೆಲವನ್ನು ಉಳಿಸಲು ಆಳದ ಜೀವಿಗಳನ್ನು ಪಣಕ್ಕಿಡುವುದು ಸರಿಯಾದ ಆಯ್ಕೆಯೇ ಆಗಿದ್ದೀತು. ಆದರೆ ಯಾವುದನ್ನು ಎಷ್ಟು ಪಣಕ್ಕಿಡುತ್ತಿದ್ದೇವೆ ಎಂಬ ಲೆಕ್ಕ ಆಯ್ಕೆ ಮಾಡಿದವರ ಬಳಿ ಇರಲಿಲ್ಲ. ಬಾವಿಯಿಂದ 11 ಕಿ.ಮೀ. ದೂರದ ಆಳದ ಹವಳಗಳ ಮೇಲೆ ಕಂದು ಲೋಳೆ ಮುಸುಕಿ ಅವು ಸಾಯುತ್ತಿದ್ದುದನ್ನು ಸಂಶೋಧಕರು ಅದೇ ವರ್ಷದ ಕೊನೆಯಲ್ಲಿ ಕಂಡರು.

 

ತಪ್ಪು ಅಂಕಿ ಬರೀ ಪತ್ರಿಕೆಗಳಲ್ಲೇ ಉಳಿದಿದ್ದರೆ ಹೋಗಲಿ ಅನ್ನಬಹುದಿತ್ತು. ಮೇ 26ರಿಂದ ಮೂರು ದಿನ ಬಾವಿಗೆ ಭಾರವಾದ ಕೆಸರನ್ನು ಒತ್ತಿ ತುಂಬುವ ಪ್ರಯತ್ನ ನಡೆಯಿತು. ಮೇಲಕ್ಕೆ ನುಗ್ಗುವ ಎಣ್ಣೆಯ ರಭಸ ಒಂದು ಮಟ್ಟ ಮೀರಿದರೆ ಕೆಸರು ಕೆಳಗಿಳಿಯದೆ ಹೊರಗೇ ಹಾರಿಹೋಗುತ್ತದೆ; ಆ ಮಿತಿ ದಿನಕ್ಕೆ ಸುಮಾರು 15,000 ಬ್ಯಾರೆಲ್. ಐದು ಸಾವಿರವೆಂದು ನಂಬಿದರೆ ಗೆಲ್ಲುವ ಆಟ, ಅರವತ್ತು ಸಾವಿರವೆಂದು ಗೊತ್ತಿದ್ದರೆ ಆಡಲೇಬಾರದ ಆಟ. ಪ್ರಯತ್ನ ಸೋತಾಗ ಬಿಪಿ ಎಂಜಿನಿಯರುಗಳು ಕೊಟ್ಟ ವಿವರಣೆ, ಬಾವಿಯ ಗೋಡೆ ಒಡೆದು ಕೆಸರು ಬದಿಯ ಬಂಡೆಗೆ ಹೋಗಿರಬೇಕು ಎಂದು. ಅದು ನಿಜವಾದರೆ ಬಾಯಿ ಮುಚ್ಚುವುದು ಅಪಾಯ, ಎಣ್ಣೆ ಸಮುದ್ರತಳವನ್ನೇ ಸೀಳಿಕೊಂಡು ಬರಬಹುದು. ಈ ಭಯದಿಂದ ಮುಚ್ಚಳ ಹಾಕುವ ಯೋಚನೆ ವಾರಗಟ್ಟಲೆ ಹಿಂದೆ ಸರಿಯಿತು.

ಜುಲೈ 15ರಂದು ಕೊನೆಗೂ ಮುಚ್ಚಳ ಬಿಗಿದರು. ಆಗಲೂ ಅದೇ ಭಯ. ಒಳಗಿನ ಒತ್ತಡ ಚದರ ಅಂಗುಲಕ್ಕೆ 7,500 ಪೌಂಡ್ ದಾಟಿದರೆ ಬಾವಿ ಗಟ್ಟಿ, 6,000ಕ್ಕಿಂತ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದು ಮೊದಲೇ ನಿಗದಿಯಾಗಿತ್ತು. ಬಂದದ್ದು 6,600ರ ಆಸುಪಾಸು, ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮತ್ತೆ ತೆರೆದುಬಿಡೋಣ ಎಂಬ ಮಾತು ಬಲವಾಯಿತು. ಆ ರಾತ್ರಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ, ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಪಾಲ್ ಶೇ ಎಂಬ ಅಂತರ್ಜಲ ತಜ್ಞ, ಮೊಬೈಲಿನಲ್ಲಿ ತೆಗೆದು ಕಳಿಸಿದ ಒತ್ತಡದ ನಕ್ಷೆಯ ಫೋಟೊ ಒಂದನ್ನು ಇಟ್ಟುಕೊಂಡು ಲೆಕ್ಕಕ್ಕೆ ಕೂತರು. ಕೊಳವೆಬಾವಿಯ ನೀರು ಎತ್ತಿ ನಿಲ್ಲಿಸಿದ ಮೇಲೆ ಮಟ್ಟ ಹೇಗೆ ಮೆಲ್ಲಗೆ ಚೇತರಿಸುತ್ತದೆ ಎಂಬುದನ್ನು ಓದುವುದೇ ಅವರ ವೃತ್ತಿಯ ಬಳುವಳಿ. ಮೂರು ತಿಂಗಳು ಸುರಿದು ಬಂಡೆಯೊಳಗಿನ ಎಣ್ಣೆಯ ಭಂಡಾರವೇ ಬಡವಾಗಿದೆ, ಒತ್ತಡ ಕಡಿಮೆ ಇರುವುದು ಅದಕ್ಕೇ, ಗೋಡೆ ಒಡೆದಿಲ್ಲ ಎಂದು ಅವರ ಮಾದರಿ ತೋರಿಸಿತು. ಬೆಳಿಗ್ಗೆ ಅದನ್ನು ಸರ್ಕಾರದ ವಿಜ್ಞಾನಿಗಳ ಮುಂದಿಟ್ಟರು. ಮುಚ್ಚಳ ಹಾಗೆಯೇ ಉಳಿಯಿತು, ಮತ್ತೆ ಎಣ್ಣೆ ಬರಲಿಲ್ಲ. ಇಡೀ ಪ್ರಕರಣದಲ್ಲಿ ಸರ್ಕಾರ ತನ್ನದೇ ಲೆಕ್ಕದ ಮೇಲೆ ನಿಂತು ತೆಗೆದುಕೊಂಡ ದೊಡ್ಡ ತೀರ್ಮಾನ ಎಂದರೆ ಇದು.

ಅದಾದ ಮೂರೇ ವಾರಕ್ಕೆ ಹಳೆಯ ಚಾಳಿ ಮರಳಿತು. ಆಗಸ್ಟ್ 4ರಂದು ‘ತೈಲ ಲೆಕ್ಕಪಟ್ಟಿ’ ಹೊರಬಂತು: ನೇರವಾಗಿ ಹಿಡಿದದ್ದು, ಸುಟ್ಟದ್ದು, ಬಾಚಿದ್ದು ಸೇರಿ ಶೇ. 25, ಆವಿಯಾದದ್ದು ಅಥವಾ ಕರಗಿದ್ದು ಶೇ. 25; ಹನಿಯಾಗಿ ಚದುರಿದ್ದು ಶೇ. 24, ಉಳಿದದ್ದು ಶೇ. 26. ಅಧ್ಯಕ್ಷರ ಸಲಹೆಗಾರ್ತಿ ಕ್ಯಾರಲ್ ಬ್ರೌನರ್ ಟಿವಿಯಲ್ಲಿ ಇದನ್ನು ವಿವರಿಸುತ್ತ, ಬಹುಪಾಲು ಎಣ್ಣೆ ಹೋಗಿಯೇಬಿಟ್ಟಿದೆ ಎಂದರು. ಕರಗಿದ ಎಣ್ಣೆಯೂ ಚದುರಿದ ಎಣ್ಣೆಯೂ ನೀರಿನಲ್ಲೇ ಇರುತ್ತವೆ, ಬ್ಯಾಕ್ಟೀರಿಯಾ ತಿಂದು ಮುಗಿಸುವವರೆಗೆ. ಶೇ. 79ರವರೆಗೆ ಎಣ್ಣೆ ಇನ್ನೂ ಅಲ್ಲೇ ಇರಬಹುದು ಎಂದು ಜಾರ್ಜಿಯಾದ ವಿಜ್ಞಾನಿಗಳು ಅದೇ ತಿಂಗಳು ತಿರುಗಿ ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾಗಳು ಅನೇಕರು ಎಣಿಸಿದ್ದಕ್ಕಿಂತ ಚುರುಕಾಗಿ ಕೆಲಸ ಮಾಡಿದ್ದು ನಿಜ. ಆದರೆ ಬ್ರೌನರ್ ಮಾತಾಡಿದ ದಿನ ಅದು ಯಾರಿಗೂ ಖಚಿತವಿರಲಿಲ್ಲ.

ಆರಂಭದಲ್ಲಿ ಅಳೆಯದೆ ಬಿಟ್ಟದ್ದರ ಬೆಲೆಯನ್ನು ಸರ್ಕಾರವೇ ನ್ಯಾಯಾಲಯದಲ್ಲಿ ತೆತ್ತಿತು. ಹಿಡಿದಿಟ್ಟದ್ದನ್ನು ಕಳೆದು ಕಡಲಿಗೆ ಸೇರಿದ್ದು 41.9 ಲಕ್ಷ ಬ್ಯಾರೆಲ್ ಎಂದು ಸರ್ಕಾರ ವಾದಿಸಿತು, 24.5 ಲಕ್ಷ ಎಂದು ಬಿಪಿ. ಮೊದಲ ವಾರಗಳ ನೇರ ಅಳತೆ ಎರಡು ಕಡೆಯಲ್ಲೂ ಇರಲಿಲ್ಲ, ಇಬ್ಬರೂ ಕೊನೆಯ ದಿನಗಳ ಒತ್ತಡದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿದ್ದರು. 2015ರ ಜನವರಿಯಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್ ಎರಡನ್ನೂ ಒಪ್ಪದೆ 31.9 ಲಕ್ಷ ಬ್ಯಾರೆಲ್ ಎಂದು ತೀರ್ಪಿತ್ತರು. ಬ್ಯಾರೆಲ್ಲಿಗೆ 4,300 ಡಾಲರಿನಂತೆ ಗರಿಷ್ಠ ದಂಡ ಸುಮಾರು 1,800 ಕೋಟಿ ಡಾಲರಿನಿಂದ 1,370 ಕೋಟಿಗೆ ಇಳಿಯಿತು. ಮರುವರ್ಷ ಅಂತಿಮವಾದ ರಾಜಿಯಲ್ಲಿ ಶುದ್ಧ ಜಲ ಕಾಯಿದೆಯಡಿ ಬಿಪಿ ಒಪ್ಪಿಕೊಂಡ ದಂಡ 550 ಕೋಟಿ ಡಾಲರ್.