ಹಳೆಯ ಗಣಕಯಂತ್ರಕ್ಕೆ ಮರುಜೀವ

ಕೆಟ್ಟ ಪದಾರ್ಥವನ್ನು ಗುಜರಿಗೆ ಹಾಕುವುದು ಸುಲಭ. ಸರಿಪಡಿಸಿ ಬಳಸುವುದು ಗೃಹಸ್ಥನ ಜಾಣ್ಮೆ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನಾರಂಭಿಸಿದ ಮೈಸೂರಿನಲ್ಲಿ, ಮನೆಯೊಳಗೆ ಯಂತ್ರವನ್ನು ಬಿಚ್ಚಿ ಕೂರುವುದು ಹೊಸ ಮಾತೇನೂ ಅಲ್ಲ.

ಜಯಲಕ್ಷ್ಮಿಪುರಂನಲ್ಲಿ ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರ ಅಟ್ಟದ ಮೇಲೆ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಯಂತ್ರವೊಂದು ಧೂಳು ಹಿಡಿದು ಬಿದ್ದಿತ್ತು. ಇಂಗ್ಲೆಂಡಿನ ಏಕಾರ್ನ್ ಕಂಪನಿಯವರು 1981ರಲ್ಲಿ ಹೊರತಂದ ಯಂತ್ರವಿದು. ಈ ಮಾದರಿಯ ಜ್ಞಾಪಕಶಕ್ತಿ 32 ಕಿಲೋಬೈಟು ಮಾತ್ರ. ಭಾರತ ಸರ್ಕಾರದವರು 1984ರಲ್ಲಿ ‘ಕ್ಲಾಸ್’ ಯೋಜನೆಯನ್ನಾರಂಭಿಸಿದಾಗ ನಮ್ಮ ಶಾಲೆಗಳಿಗೆ ಬಂದದ್ದೂ ಇದೇ ಜಾತಿಯದು. ಉಪಾಧ್ಯಾಯರು ಮಗಳಿಗೆ ಮಗ್ಗಿ ಕಲಿಸಲೆಂದು ಬರೆದ ಪ್ರೋಗ್ರಾಮೊಂದು ಕ್ಯಾಸೆಟ್ಟಿನಲ್ಲಿತ್ತು. ಅದಕ್ಕೆ ಬೇರೆ ಪ್ರತಿಯಿಲ್ಲ. “ಮೊಮ್ಮಗಳು ರಜಕ್ಕೆ ಬಂದಿದ್ದಾಳೆ, ಒಮ್ಮೆ ತೋರಿಸಬೇಕಲ್ಲ ಸ್ವಾಮಿ!” ಎಂದರು.

ವಾಚಕರು ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದಿದೆ. ಬಹುಕಾಲ ನಿಂತ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಕೊಡಬಾರದು. ಇದರ ವಿದ್ಯುತ್ ಪೆಟ್ಟಿಗೆಯೊಳಗೆ ಹಳದಿ ಛಾಯೆಯ ಎರಡು ಕೆಪಾಸಿಟರುಗಳಿವೆ. ವಯಸ್ಸಾದಂತೆ ಅವುಗಳ ಹೊದಿಕೆ ಬಿರಿದು ತೇವ ಒಳಸೇರುತ್ತದೆ. ಆಗ ಅವು ಕಾದು ದಟ್ಟ ಹೊಗೆಯನ್ನುಗುಳುವುವು. ತಂತಿಯನ್ನು ಕಿತ್ತ ಮೇಲೂ ಪೆಟ್ಟಿಗೆಯೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದಾದ್ದರಿಂದ, ಈ ಕೆಲಸವನ್ನು ಬಲ್ಲವರಿಗೇ ಬಿಡತಕ್ಕದ್ದು. ನಾವೂ ಹಾಗೆಯೇ ಮಾಡಿಸಿ, ಎಕ್ಸ್-2 ದರ್ಜೆಯ ಹೊಸವನ್ನು ಹಾಕಿಸಿದೆವು.

ಬಳಿಕ ಗುಂಡಿಯೊತ್ತಲು, ಯಂತ್ರವು ನಿಲ್ಲದೆ ಒಂದೇ ಸಮನೆ ಕೂಗತೊಡಗಿತು. ಆರೋಗ್ಯವಾಗಿದ್ದರೆ ಕೂಗು ಕ್ಷಣದಲ್ಲಿ ನಿಂತು, ‘ಬೀಪ್’ ಎಂಬ ಮೇಲ್ದನಿಯೊಂದು ಕೇಳಬೇಕು. ವಿದ್ಯುತ್ತನ್ನು ತೆಗೆದು, ಚಿಪ್ಪುಗಳನ್ನು ಒಂದೊಂದಾಗಿ ಮೆಲ್ಲನೆ ಮೇಲೆತ್ತಿ, ಕಪ್ಪಾಗಿದ್ದ ಕಾಲುಗಳನ್ನು ಶುದ್ಧಮಾಡಿ, ಇದ್ದ ದಿಕ್ಕಿನಲ್ಲಿಯೇ ಮತ್ತೆ ಕೂರಿಸಿದೆವು. ಈ ಸಲ ಮೇಲ್ದನಿ ಕೇಳಿತು; ಪರದೆಯ ಮೇಲೆ ಅಕ್ಷರಗಳು ಮೂಡಿದುವು.

ಉಳಿದದ್ದು ಕ್ಯಾಸೆಟ್ಟು. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರಸಿ ಹಾಕಿದೆವು. ಮಾಹಿತಿಯು 256 ಬೈಟುಗಳ ತುಂಡುಗಳಾಗಿ ಬರುವುದರಿಂದ, ಒಂದು ತುಂಡು ತಪ್ಪಿದರೆ ಸ್ವಲ್ಪ ಹಿಂದಕ್ಕೆ ಸುತ್ತಿ ಅಲ್ಲಿಂದಲೇ ಓದಿಸಬಹುದು. ಮೂರನೆಯ ತುಂಡು ನಾಲ್ಕು ಸಲ ತಪ್ಪಿತು. ಉಪಾಧ್ಯಾಯರು ಮಾತನಾಡಲಿಲ್ಲ. ಧ್ವನಿಯನ್ನು ತುಸು ತಗ್ಗಿಸಿದ ಮೇಲೆ ಐದನೆಯ ಸಲ ಅದೂ ಬಂದಿತು.

“ಏಳೆಂಟಲ ಎಷ್ಟು?” ಎಂದು ಪರದೆಯ ಪ್ರಶ್ನೆಯನ್ನು ತಾತ ಓದಿ ಹೇಳಿದರು. ಮಗು ಬೆರಳೆಣಿಸಿ 54 ಎಂದು ಒತ್ತಿತು. ಯಂತ್ರವು ತಪ್ಪೆಂದಿತು. “ನಿಮ್ಮಮ್ಮನೂ ಇಲ್ಲೇ ತಪ್ಪುತ್ತಿದ್ದಳು” ಎಂದು ಅವರು ನಕ್ಕರು.

ಅಂದೇ ಆ ಪ್ರೋಗ್ರಾಮಿಗೆ ಎರಡು ಪ್ರತಿ ಮಾಡಿಟ್ಟೆವು. ನಿಮ್ಮ ಅಟ್ಟದಲ್ಲಿಯೂ ಇಂಥ ಕ್ಯಾಸೆಟ್ಟಿದ್ದರೆ, ಮೊದಲು ಪ್ರತಿ ಮಾಡಿಸಿರಿ.